ತೆಂಗಿನಕಾಯಿ ಕೊಟ್ಟು ಬಂದ ಮಧುಮಾಲಾ

ಮಕ್ಕಳೇ, ಕೃಷ್ಣಾ ಹೊಳೆ ತುಂಬಿ ಬಂದರೆ ನಮ್ಮ ಜುಗೂಳ ನಡುಗಡ್ಡೆಯ ಹಾಗೇ ಆಗಿಬಿಡುತ್ತದೆ. 2019ರ ಮಹಾಪೂರದಲ್ಲಿ ಮೊಮ್ಮಗಳು ಕೇಳಿದ್ದಳು: “ಅಜ್ಜಾ, ಯಾವಾಗ್ಲೂ ನಡುಗಡ್ಡಿಯೊಳಗ ಇರೋ ಮಂದಿ ಅದಾರೇನು?” ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕೋಲ್ಕತ್ತದ ಹತ್ತಿರ ಶಿಬ್‌ಪುರದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಎಂಬ ಹುಡುಗಿ ಇದ್ದಳು. ಹನ್ನೆರಡು ವರ್ಷದವಳಿದ್ದಾಗ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದಳು. ಅಂಡಮಾನಿನ ಓಂಗೆ ಜನರಲ್ಲಿ ಒಂದು ಕೂಸು ಹುಟ್ಟಿದೆಯಂತೆ! ಕೂಸು ಹುಟ್ಟಿದ್ದೂ ಸುದ್ದಿಯೇ ಅನ್ನಬೇಡಿ. ಓಂಗೆಗಳು ಇರುವುದೇ ನೂರರ ಆಸುಪಾಸು. ಅವರನ್ನು ನೋಡಲೇಬೇಕೆಂದು ಹುಡುಗಿ ಹಟ ಹಿಡಿದಳು, ಕೋಲ್ಕತ್ತ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದಳು, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಗೆ ಸೇರಿ ಅಂಡಮಾನಿಗೆ ಹೋದಳು. ಓಂಗೆಗಳ ನಡುವೆ ಇದ್ದು ಕೆಲಸ ಮಾಡಿದಳು.

ಅಲ್ಲೇ ಉತ್ತರ ಸೆಂಟಿನೆಲ್ ಎಂಬ ದ್ವೀಪವಿದೆ, ಸುಮಾರು 60 ಚದರ ಕಿಲೋಮೀಟರ್. ಯಾರು ಬಂದರೂ ಬಾಣ ಬಿಡುವ ಜನ. ಅವರದು ಬರೀ ಸಿಟ್ಟು ಅಂದುಕೊಳ್ಳಬೇಡಿ. 1880ರಲ್ಲಿ ಪೋರ್ಟ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿಂದ ಮುದುಕ, ಮುದುಕಿ, ನಾಲ್ಕು ಮಕ್ಕಳನ್ನು ಪೋರ್ಟ್ ಬ್ಲೇರಿಗೆ ಹಿಡಿದು ತಂದ. ಎಲ್ಲರಿಗೂ ರೋಗ ಬಂತು, ಹಿರಿಯರಿಬ್ಬರೂ ಸತ್ತರು. ಮಕ್ಕಳನ್ನು ಕಾಣಿಕೆ ಕೊಟ್ಟು ವಾಪಸು ಬಿಟ್ಟ. ಅಜ್ಜ-ಅಜ್ಜಿಯನ್ನು ಕಳೆದುಕೊಂಡ ಮನೆಗೆ ಕಾಣಿಕೆ ಯಾತಕ್ಕೆ, ನೀವೇ ಹೇಳಿ.

ಆ ದ್ವೀಪಕ್ಕೆ ಹೋಗುವ ಮೊದಲು, ಜೀವಕ್ಕೆ ಅಪಾಯವಾದರೆ ಸರ್ಕಾರ ಹೊಣೆಯಲ್ಲ ಎಂದು ಮಧುಮಾಲಾಳ ತಂದೆ-ತಾಯಿ ಬರೆದುಕೊಡಬೇಕಾಯಿತು. ಬ್ಯಾಂಕಿನಲ್ಲಿ ಜನ್ಮವೆಲ್ಲ ಸಹಿ ತಾಳೆ ನೋಡಿದವನು ನಾನು. ಅಂಥ ಸಹಿ ಹಾಕುವ ಕೈ ಎಷ್ಟು ನಡುಗಿರಬೇಕು!

1991ರ ಜನವರಿ 4. ದೋಣಿಯಿಂದ ತೆಂಗಿನಕಾಯಿಗಳನ್ನು ನೀರಿಗೆ ತೇಲಿಬಿಟ್ಟರು. ಆ ದ್ವೀಪದಲ್ಲಿ ತೆಂಗು ಬೆಳೆಯುವುದಿಲ್ಲ. ಗಂಡಸರು ನೀರಿಗಿಳಿದು ಆರಿಸಿಕೊಂಡರು. ಕಾಯಿ ಮುಗಿದವು, ಹಡಗಿಗೆ ಹೋಗಿ ಮತ್ತೆ ತಂದರು. ಅಷ್ಟರಲ್ಲಿ ದಂಡೆಯ ಮೇಲಿದ್ದ ಒಬ್ಬ ಹುಡುಗ ಬಿಲ್ಲು ಎಳೆದ. ಪಕ್ಕದಲ್ಲಿದ್ದ ಹೆಂಗಸು ಅವನನ್ನು ತಳ್ಳಿದಳು, ಬಾಣ ನೀರಿಗೆ ಬಿತ್ತು. ಆಕೆ ಯಾರೋ, ಹೆಸರೇನೋ! ಆಮೇಲೆ ಮಧುಮಾಲಾ ಮತ್ತು ಜೊತೆಗಾರರು ನೀರಿಗೇ ಇಳಿದು ಕಾಯಿಗಳನ್ನು ಕೈಗೆ ಕೈ ತಾಗುವಂತೆ ಕೊಟ್ಟರು.

ಕೆಲವು ವರ್ಷಗಳಲ್ಲಿ ಸರ್ಕಾರ ಇಂಥ ಭೇಟಿಗಳನ್ನು ನಿಲ್ಲಿಸಿತು. ನಮ್ಮ ನೆಗಡಿ, ದಡಾರ ಅವರ ಮೈಗೆ ಹೊಸವು, ಊರಿಗೆ ಊರೇ ಸಾಯಬಹುದು. ಈಗ ಆ ದ್ವೀಪದ ಹತ್ತಿರ ಹೋಗುವುದೇ ಅಪರಾಧ. 2004ರ ಸುನಾಮಿಯ ನಂತರ ಬದುಕಿದ್ದಾರೋ ಇಲ್ಲವೋ ಎಂದು ನೋಡಲು ಹೋದ ಹೆಲಿಕಾಪ್ಟರಿಗೆ ಒಬ್ಬ ಬಾಣ ಗುರಿಯಿಟ್ಟು ನಿಂತಿದ್ದ. ಬದುಕಿದ್ದರು!

“ಹಂಗಾದ್ರ ನಾನು ಅಲ್ಲಿಗೆ ಹೋಗಾಕ ಬರಂಗಿಲ್ಲೇನು ಅಜ್ಜಾ?” ಮೊಮ್ಮಗಳು ಮೋರೆ ಸಣ್ಣದು ಮಾಡಿದಳು.

“ಇಲ್ಲವ್ವಾ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಟೆಂಗಿನಕಾಯಿ ತೇಲಿಬಿಟ್ರ?”