ಹಳೆಯ ಮೋಟಾರು ಸೈಕಲ್ಲು ಮತ್ತು ಅದರ ಬ್ರೇಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಉತ್ಪಾದನೆಯು 1996ರಲ್ಲಿ ನಿಂತಿತು. ಆದರೂ ಅಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲುಗಳು ಇಂದಿಗೂ ಓಡುತ್ತಿರುವುದುಂಟು. ಖಾಸಗಿ ವಾಹನದ ನೋಂದಣಿಯು 15 ವರ್ಷಗಳಿಗೆ ಮುಗಿಯುವುದು. ಬಳಿಕ ಪರೀಕ್ಷೆಗೊಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಮಲ್ಲಟದಂತಹ ಊರಿನವರು ಇದಕ್ಕಾಗಿ ರಾಯಚೂರಿನ ಸಾರಿಗೆ ಕಚೇರಿಗೆ ಹೋಗಬೇಕಾಗುವುದು.

ಮಂಕಾದ ದೀಪ, ಸವೆದ ಟೈರು, ಎಣ್ಣೆ ಬೆರೆತ ಹೊಗೆ—ಇವು ಹಳೆಯ ವಾಹನಗಳ ಸಾಮಾನ್ಯ ದೋಷಗಳು. ಇವು ಕಣ್ಣಿಗೆ ಬೀಳುತ್ತವೆ. ಬ್ರೇಕಿನ ದೋಷವಾದರೋ ಡ್ರಮ್ಮಿನೊಳಗೆ ಅಡಗಿರುತ್ತದೆ. ಆದುದರಿಂದಲೇ ಅದು ಹೆಚ್ಚು ಅಪಾಯಕರ.

ಬ್ರೇಕು ಮಾಡುವ ಕೆಲಸವೇನು? ಘರ್ಷಣೆಯ ಮೂಲಕ ವಾಹನದ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು. ಲೈನಿಂಗು ಸವೆದರೆ ಅಥವಾ ಅದಕ್ಕೆ ಎಣ್ಣೆ ತಗುಲಿದರೆ ಹಿಡಿತ ಕುಗ್ಗುವುದು. ಇದರ ಫಲವನ್ನು ನಾವು ಲೆಕ್ಕಹಾಕಿ ನೋಡೋಣ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಈ ವೇಗವು ಸೆಕೆಂಡಿಗೆ 5 ಮೀಟರಿನಂತೆ ತಗ್ಗುತ್ತ ಬಂದರೆ ವಾಹನವು 10 ಮೀಟರು ಸಾಗಿ ನಿಲ್ಲುವುದು. ಬ್ರೇಕಿನ ಬಲ ಅರ್ಧಕ್ಕಿಳಿದರೆ 20 ಮೀಟರು ಬೇಕು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ಕುಂದಿದ ಬ್ರೇಕಿನೊಡನೆ ವೇಗವನ್ನು ಇಮ್ಮಡಿಗೊಳಿಸಿದರೆ 80 ಮೀಟರು ಬೇಕಾಗುವುದು!

ರಸ್ತೆಗೆ ಅಡ್ಡಬಂದ ಮಗುವೋ ಎತ್ತಿನ ಬಂಡಿಯೋ ಅಷ್ಟು ದೂರದಲ್ಲಿರಲೇಬೇಕೆಂಬ ನಿಯಮವಿಲ್ಲ. ಪರೀಕ್ಷೆಯ ದಿನವನ್ನು ಕಾಯದೆ ಲೈನಿಂಗನ್ನು ಬದಲಿಸುವುದೇ ಜಾಣತನ.