ಮಲಾಡ್ ಸ್ಟುಡಿಯೋ ಉಳಿದದ್ದು ಒಂದು ಮನೆಯಲ್ಲಿ

ಮುಂಬೈನ ಮಲಾಡ್ ಪಶ್ಚಿಮದ ಬಾಂಬೆ ಟಾಕೀಸ್ ಕಾಂಪೌಂಡಿನಲ್ಲಿ ಈಗ ಸಣ್ಣ ಕಾರ್ಖಾನೆಗಳ ಗದ್ದಲ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಕಟ್ಟಿದ ಸ್ಟುಡಿಯೋ ಇದ್ದದ್ದು ಇಲ್ಲೇ. ಬೆಂಗಳೂರಿನ ತಾತಗುಣಿ ಎಸ್ಟೇಟಿನ ಒಡತಿಯಾಗಿ ನಮಗೆ ಪರಿಚಿತರಾದ ಅದೇ ದೇವಿಕಾ ರಾಣಿ. ‘ಅಛೂತ್ ಕನ್ಯಾ’, ‘ಕಿಸ್ಮತ್’ ಕೊಟ್ಟ ಸ್ಟುಡಿಯೋ 1950ರ ದಶಕದಲ್ಲಿ ಬಾಗಿಲು ಹಾಕಿತು.

ಅಲ್ಲಿನ ದಿನಚರಿ ಹೇಗಿತ್ತೆಂದು ಇವತ್ತು ನಮ್ಮ ಕಣ್ಣಿಗೆ ಕಾಣುತ್ತಿದ್ದರೆ ಅದಕ್ಕೆ ಕಾರಣ ಒಬ್ಬ ಛಾಯಾಗ್ರಾಹಕನ ಕುಟುಂಬ. ಮ್ಯೂನಿಕ್‌ನ ಜೋಸೆಫ್ ವಿರ್ಶಿಂಗ್ ‘ಪ್ರೇಮ್ ಸನ್ಯಾಸ್’ ಚಿತ್ರೀಕರಣಕ್ಕೆಂದು 1925ರಲ್ಲಿ ಭಾರತಕ್ಕೆ ಬಂದವರು. ಆಮೇಲೆ ಮಲಾಡಿನ ಈ ಸ್ಟುಡಿಯೋ ಸೇರಿಕೊಂಡರು. ಸಿನಿಮಾ ಕ್ಯಾಮೆರಾ ಸುಮ್ಮನಿದ್ದಾಗ ತಮ್ಮ ಸ್ವಂತ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದರು: ಮಾತುಕತೆಯಲ್ಲಿ ಮುಳುಗಿದ ನಟರು, ಬಿಸಿಲಲ್ಲಿ ದುಡಿಯುವ ಕೆಲಸಗಾರರು, ಸೆಟ್ಟಿನ ಹಿಂಬದಿ. ಬಿಂಕದ ತಾರಾಚಿತ್ರಗಳಿಗಿಂತ ನನಗೆ ಇವೇ ಅಮೂಲ್ಯ. 1939ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಎಂಬ ಕಾರಣಕ್ಕೆ ಅವರನ್ನು ಬಂಧನ ಶಿಬಿರಕ್ಕೆ ಹಾಕಿದರು. ಬಿಡುಗಡೆಯಾದ ಮೇಲೂ ಅವರು ಈ ದೇಶ ಬಿಡಲಿಲ್ಲ. ‘ಮಹಲ್’ ಚಿತ್ರಕ್ಕೆ ಅವರದೇ ಛಾಯಾಗ್ರಹಣ. ತಾವು ಛಾಯಾಗ್ರಹಣ ಮಾಡುತ್ತಿದ್ದ ‘ಪಾಕೀಜಾ’ ಮುಗಿಯುವ ಮೊದಲೇ, 1967ರಲ್ಲಿ, ತೀರಿಕೊಂಡರು.

ನೆಗೆಟಿವ್‌ಗಳು, ಮುದ್ರಿತ ಚಿತ್ರಗಳು ಮನೆಯಲ್ಲೇ ಉಳಿದವು. ಅವನ್ನು ಮೊಮ್ಮಗ ಕಾಪಾಡಿದರು. ಕಲಾ ಸಂಸ್ಥೆಯಾದ ಅಲ್ಕಾಜಿ ಫೌಂಡೇಶನ್ ಅವರ ಜೊತೆಗೂಡಿತು. 2017ರಲ್ಲಿ ಗೋವಾದಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು. ದೇಬಶ್ರೀ ಮುಖರ್ಜಿ ಸಂಪಾದಿಸಿದ ಪುಸ್ತಕವೂ ಬಂತು. ಸ್ಟುಡಿಯೋ ಕಾಪಾಡಲಾರದ್ದನ್ನು ಒಂದು ಸಂಸಾರ ಕಾಪಾಡಿತು.

ಕಾಪಾಡಬೇಕಾದ ನೆನಪುಗಳು ನಮ್ಮ ಮನೆಗಳಲ್ಲೂ ಇವೆ. ಅದೇ ಮಲಾಡಿನಲ್ಲಿ ಉಡುಪಿ, ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಮನೆಗಳಿವೆ. ಅವುಗಳ ಕಪಾಟಿನಲ್ಲಿ ಮದುವೆಯ ಕ್ಯಾಸೆಟ್ಟು, ಹೋಟೆಲಿನ ಪೂಜೆಯ ಫೋಟೊ ಇರಬಹುದು. ನೆಗೆಟಿವನ್ನು ಬೆಳಕಿಗೆ ಹಿಡಿದರೂ ಮುಖ ಕಾಣುತ್ತದೆ, ಕ್ಯಾಸೆಟ್ಟಿಗೆ ಆ ಭಾಗ್ಯವಿಲ್ಲ. ಅದನ್ನು ಓಡಿಸುವ ವಿಸಿಆರ್ ತಯಾರಿಕೆಯನ್ನು ಜಪಾನಿನ ಫುನಾಯ್ 2016ರಲ್ಲೇ ನಿಲ್ಲಿಸಿತು. ಮುಂಬೈನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕಾಂತೀಯ ಲೇಪನ ಅಂಟಂಟಾಗಿ ಕಳಚುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು ಇದು.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ನೇರ ಪ್ಲೇಯರಿಗೆ ಹಾಕಬೇಡಿ, ಟೇಪು ಹರಿದೀತು. ಮೊದಲು ಬಲ್ಲವರ ಕೈಯಲ್ಲಿ ಶುಚಿ ಮಾಡಿಸಿ. ಡಿಜಿಟಲ್ ಪ್ರತಿಯಾದ ಮೇಲೆ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬಡಿಸುತ್ತಿರುವವರು ಯಾರು, ಚಪ್ಪರ ಹಾಕಿದವರು ಯಾರು ಎಂದು ಕೇಳಿ, ಅವರ ಉತ್ತರವನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ವಿರ್ಶಿಂಗ್ ಚಿತ್ರಗಳಲ್ಲಿ ದೇವಿಕಾ ರಾಣಿಯನ್ನು ಯಾರಾದರೂ ಗುರುತಿಸುತ್ತಾರೆ. ಸೆಟ್ಟಿನಲ್ಲಿ ದುಡಿದವರ ಹೆಸರು ಹೇಳಬಲ್ಲವರನ್ನು ಈಗ ಎಲ್ಲಿ ಹುಡುಕುವುದು?