ನಂಬಿದ ಟರ್ಮಿನಲ್‌ನಿಂದ ಮಾತ್ರ

ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ‘ರೂಟ್’ ಎಂಬ ಆಡಳಿತ ಖಾತೆಗೆ ಬಹುಮಟ್ಟಿಗೆ ತಡೆಯೇ ಇಲ್ಲ. ಯಾವ ಕಡತವನ್ನಾದರೂ ಅದು ತಿದ್ದಬಲ್ಲದು, ಅಳಿಸಬಲ್ಲದು. ಇಂಥ ಖಾತೆಯ ಕಾವಲಿಗೆ ಪಾಸ್‌ವರ್ಡ್ ಒಂದೇ ಸಾಲದು. ಎಲ್ಲಿ ಕುಳಿತು ಅದನ್ನು ತೆರೆಯಬಹುದು ಎಂಬುದಕ್ಕೂ ಕಟ್ಟುಪಾಡು ಬೇಕು. ಲಿನಕ್ಸ್‌ನಲ್ಲಿ ‘ಸೆಕ್ಯೂರ್‌ಟಿಟಿವೈ’ ಎಂಬ ಪುಟ್ಟ ಪಟ್ಟಿ ಈ ಕೆಲಸ ಮಾಡುತ್ತಿತ್ತು. ಅದರಲ್ಲಿ ಹೆಸರಿಲ್ಲದ ಟರ್ಮಿನಲ್‌ನಿಂದ ಬಂದವರಿಗೆ ಪಾಸ್‌ವರ್ಡ್ ಸರಿಯಿದ್ದರೂ ರೂಟ್ ಪ್ರವೇಶ ಸಿಗುತ್ತಿರಲಿಲ್ಲ.

ಹೀಗಾಗಿ ದೂರದಲ್ಲಿರುವ ಆಡಳಿತಗಾರ ಮೊದಲು ತನ್ನ ಹೆಸರಿನ ಖಾತೆಗೆ ಲಾಗಿನ್ ಆಗಿ, ಆಮೇಲೆ ‘ಸುಡೊ’ ಆಜ್ಞೆಯಿಂದ ಹೆಚ್ಚಿನ ಅಧಿಕಾರ ಪಡೆಯಬೇಕು. ನಿಜವಾದ ಲಾಭ ಇರುವುದು ಇಲ್ಲಿಯೇ. ನಾಲ್ಕು ಜನ ಒಂದೇ ರೂಟ್ ಖಾತೆ ಬಳಸಿದರೆ ತಿದ್ದಿದವರು ಯಾರೆಂದು ಹೇಳುವ ಪುರಾವೆ ಉಳಿಯದು. ಸ್ವಂತ ಖಾತೆಯ ಮೂಲಕ ಬಂದರೆ ಹೆಸರು ಲಾಗ್‌ನಲ್ಲಿ ದಾಖಲಾಗುತ್ತದೆ.

ದಾಖಲೆ ತಿದ್ದಿದವರು ಯಾರು ಎಂಬುದು ಕರ್ನಾಟಕದ ರೈತರ ಮಟ್ಟಿಗೆ ಹೊಲದ ಹಕ್ಕಿನ ಪ್ರಶ್ನೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ತಂದಾಗ, ವಿಜಯಪುರ ಸೀಮೆಯವರು ಉತಾರ ಎನ್ನುವ ಪಹಣಿ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಮುದ್ರಿತವಾಗಿ ಸಿಗತೊಡಗಿತು. ಉತಾರದಲ್ಲಿ ಒಂದು ಹೆಸರು ಬದಲಾದರೆ ಸಾಲ, ಪರಿಹಾರ, ವಾರಸಾ ಎಲ್ಲವೂ ತೊಡಕಿಗೆ ಸಿಗುತ್ತವೆ. ಆದ್ದರಿಂದ ಭೂಮಿಯಲ್ಲಿ ಅಧಿಕಾರಿಗಳ ಲಾಗಿನ್‌ಗೆ ಬೆರಳಚ್ಚು ಜೋಡಿಸಲಾಯಿತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು. ‘ನಾನು ಮಾಡಿಲ್ಲ’ ಎಂದು ಜಾರಿಕೊಳ್ಳುವ ದಾರಿಯನ್ನು ಕಿರಿದಾಗಿಸಿದ ಒಳ್ಳೆಯ ನಿರ್ಧಾರ ಅದು.

ಈಗ ಬಹುತೇಕ ಲಾಗಿನ್‌ಗಳು ನೆಟ್‌ವರ್ಕ್ ಮೂಲಕ ಬರುವುದರಿಂದ ಟರ್ಮಿನಲ್ ಪಟ್ಟಿಯ ಬಳಕೆ ತಗ್ಗಿದೆ. ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ 2015ರಲ್ಲಿ, ರೂಟ್ ಖಾತೆಗೆ ಬರೀ ಪಾಸ್‌ವರ್ಡ್‌ನಿಂದ ಪ್ರವೇಶ ಕೊಡದಿರುವುದನ್ನೇ ತನ್ನ ಮೂಲ ಹೊಂದಿಕೆಯಾಗಿಸಿತು. ದೊಡ್ಡ ಕಚೇರಿಗಳಲ್ಲಿ ಆಡಳಿತ ಕೆಲಸಕ್ಕೆಂದೇ ಬೇರೆ ಯಂತ್ರ ಇಟ್ಟು, ಅದರ ವಿಳಾಸದಿಂದ ಬಂದ ಲಾಗಿನ್ನನ್ನಷ್ಟೇ ಸರ್ವರ್ ಒಪ್ಪುವಂತೆ ಮಾಡುತ್ತಾರೆ.

ಆ ಯಂತ್ರ ಇರುವ ಕೋಣೆಗೆ ಬೀಗವಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಕನ್ಸೋಲ್, ಅಂದರೆ ಯಂತ್ರಕ್ಕೇ ನೇರವಾಗಿ ಜೋಡಿಸಿದ ಪರದೆ ಮತ್ತು ಕೀಲಿಮಣೆಯ ಮುಂದೆ ಕುಳಿತವನು ಯಂತ್ರವನ್ನು ಮರುಚಾಲನೆ ಮಾಡಿ, ದುರಸ್ತಿಗೆಂದು ಇರುವ ಏಕಬಳಕೆದಾರ ಸ್ಥಿತಿಯಲ್ಲಿ ಪಾಸ್‌ವರ್ಡ್ ಇಲ್ಲದೆಯೇ ರೂಟ್ ಆಗುವ ಸಾಧ್ಯತೆಯುಂಟು. ಇದಕ್ಕಾಗಿಯೇ ಯುನಿಕ್ಸ್ ಮಾದರಿಯ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಕನ್ಸೋಲನ್ನೂ ಅಸುರಕ್ಷಿತ ಎಂದು ಗುರುತಿಸಬಹುದು. ಆಗ ಆ ಸ್ಥಿತಿಯಲ್ಲೂ ಯಂತ್ರ ರೂಟ್ ಪಾಸ್‌ವರ್ಡ್ ಕೇಳುತ್ತದೆ.